ಇಪ್ಪತ್ತೆಂಟು ದಿನದ ಅರಬ್ಬಿ

ಮೊದಲ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ನಾಲ್ಕು ವಾರ ಶಾಲೆಯಲ್ಲಾಗಲಿ, ಶಾಲೆಯವರು ಕೊಟ್ಟ ಕೋಣೆಯಲ್ಲಾಗಲಿ ಯಾರ ಬಾಯಿಂದಲೂ ಸ್ವಂತ ಭಾಷೆ ಹೊರಡಕೂಡದು, ಹೊರಟರೆ ಅರಬ್ಬಿಯೇ ಹೊರಡಬೇಕು ಎಂದು ಅದರಲ್ಲಿತ್ತಂತೆ. ಆ ಲಿಪಿ ಓದಲು ಬಾರದ ನನಗೆ ಟೀಚರಮ್ಮ ಕೈಸನ್ನೆಯಲ್ಲೇ ತಿಳಿಸಿದಳು. ತುಟಿಗೆ ಬೀಗ ಹಾಕಿದಂತೆ ಮಾಡಿ, ಬೀಗದ ಕೈಯನ್ನು ಕಿಟಕಿಯಿಂದಾಚೆ ಎಸೆದಂತೆ ನಟಿಸಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಲೇಡೀಸ್ ಟೈಲರ್ ಅಂಗಡಿ ನಡೆಸಿದವಳು ನಾನು. ಕೈ ಹೊಲಿಯುತ್ತಿರುವಾಗ ಬಾಯಿ ಸುಮ್ಮನಿದ್ದದ್ದೇ ಇಲ್ಲ. ಅಂಥವಳು ಐವತ್ತಾರನೆಯ ವಯಸ್ಸಿನಲ್ಲಿ ವಿಮಾನ ಹತ್ತಿ ಬಂದು, ಕೈಯಾರೆ ಫೀಸು ಕಟ್ಟಿ ಬಾಯಿ ಮುಚ್ಚಿಸಿಕೊಂಡಿದ್ದೆ.

ಎಲ್ಲ ಆ ಮೆಣಸಿನಕಾಯಿಯ ಸಲುವಾಗಿ. ಮೆಣಸಿನಕಾಯಿ ನನ್ನ ಮೊಮ್ಮಗಳು, ಏಳು ವರ್ಷ. ಹುಟ್ಟಿದಾಗ ಆಸ್ಪತ್ರೆಯ ಚಾವಣಿ ಹಾರಿಹೋಗುವಂತೆ ಕಿರುಚಿದಳೆಂದು ನನ್ನ ಮಗಳು ಇಟ್ಟ ಅಡ್ಡಹೆಸರು. ಮಗಳು ಈ ಊರಿಗೆ ನರ್ಸ್ ಕೆಲಸಕ್ಕೆ ಬಂದು, ಇಲ್ಲಿಯವನೇ ಆದ ಹಡಗಿನ ಎಂಜಿನಿಯರನನ್ನು ಮದುವೆಯಾದಳು. ಎರಡು ವರ್ಷದ ಹಿಂದೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಳು. ಅಳಿಯ ವರ್ಷಕ್ಕೆ ಎಂಟು ತಿಂಗಳು ಸಮುದ್ರದ ಮೇಲೆ. ಮಗುವನ್ನು ಸಾಕುತ್ತಿರುವವಳು ಅವನ ತಾಯಿ, ಅಂದರೆ ನನ್ನ ಬೀಗಿತ್ತಿ. ಆಕೆಗೆ ಅರಬ್ಬಿ ಬಿಟ್ಟರೆ ಬೇರೆ ಬಾರದು, ನನಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಮಗುವಿನದು ಆಕೆಯ ಮಾತು.

ಮಗಳು ಬದುಕಿದ್ದಾಗ ಈ ವಿಷಯಕ್ಕೇ ನಾನು ಜಗಳ ಆಡಿದ್ದೆ.

"ಮಗೂಗೆ ನಾಲ್ಕು ಮಾತು ಕನ್ನಡ ಕಲಿಸೋಕೆ ನಿನಗೇನೇ ದಾಡಿ?" ಎಂದೆ ಫೋನಿನಲ್ಲಿ.

"ಯಾವಾಗ ಕಲಿಸಲಮ್ಮ? ನಾನು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಅವಳು ಅಜ್ಜಿ ಮಡಿಲಲ್ಲಿ ನಿದ್ದೆ ಹೊಡೀತಿರ್ತಾಳೆ."

"ಹಾಗಾದ್ರೆ ನಾನೇನು ಅವಳಿಗೆ? ಗೋಡೇನಾ?"

ಫೋನು ಕುಕ್ಕಿ ನಾಲ್ಕು ದಿನ ಮಾತು ಬಿಟ್ಟೆ. ಆ ನಾಲ್ಕು ದಿನ ಈಗ ಯಾರು ವಾಪಸ್ ಕೊಡುತ್ತಾರೆ? ಐದನೆಯ ದಿನ ಅವಳೇ ಫೋನ್ ಮಾಡಿ, ಏನೂ ನಡೆದೇ ಇಲ್ಲವೆನ್ನುವಂತೆ ಮಗುವಿನ ಅಳತೆ ಹೇಳಿದಳು. ಆರು ತಿಂಗಳಿಗೊಮ್ಮೆ ಅವಳು ಟೇಪು ಹಿಡಿದು ಅಳೆದು ನಂಬರು ಹೇಳುವುದು, ನಾನು ಅಳತೆ ಪುಸ್ತಕದಲ್ಲಿ ಬರೆದುಕೊಂಡು ಫ್ರಾಕು ಹೊಲಿದು ಕಳಿಸುವುದು ನಮ್ಮ ರೂಢಿ. ಎದೆ ಇಪ್ಪತ್ತೆರಡೂವರೆ, ಉದ್ದ ಇಪ್ಪತ್ನಾಲ್ಕು. ಅದೇ ಕೊನೆ. ಕೆಳಗಿನ ಅರ್ಧ ಪುಟ ಖಾಲಿ ಉಳಿಯಿತು.

ಮಗಳು ಹೋದಾಗ ಬಂದು ಬೀಗಿತ್ತಿಯ ಮನೆಯಲ್ಲಿ ಹತ್ತು ದಿನ ಇದ್ದೆ. ಮೆಣಸಿನಕಾಯಿ ನನ್ನನ್ನು ಕಂಡರೆ ಅಜ್ಜಿಯ ಹಿಂದೆ ಅಡಗುತ್ತಿದ್ದಳು. ನಾನು ಬಾ ಎಂದರೆ ಅಳು, ಮುತ್ತು ಕೊಡಲು ಹೋದರೆ ಕಿರುಚು. ಹೊಟ್ಟೆಯಲ್ಲಿ ಹುಟ್ಟಿದವಳನ್ನು ಕಳೆದುಕೊಂಡದ್ದು ಸಾಲದೆಂಬಂತೆ ಇದೊಂದು. ನನಗೂ ಹಠ ಬಂತು. ಈ ಮಗುವಿನ ಜೊತೆ ಅದರ ಭಾಷೆಯಲ್ಲೇ ಮಾತಾಡಲು ಬಂದ ಮೇಲಷ್ಟೇ ಈ ಮನೆಯ ಮೆಟ್ಟಿಲು ಹತ್ತುವುದು ಎಂದು ಆಣೆ ಇಟ್ಟುಕೊಂಡೆ. ಮಗಳಿಂದ ಹರಕುಮುರಕು ಕನ್ನಡ ಕಲಿತಿದ್ದ ಅಳಿಯ ಈ ಶಾಲೆ ಹುಡುಕಿಕೊಟ್ಟ. ಬೀಗಿತ್ತಿಯ ಮನೆಯಿಂದ ಬಸ್ಸಿನಲ್ಲಿ ನಲವತ್ತು ನಿಮಿಷ. ಶಾಲೆ ಗೀಲೆ ಯಾಕೆ, ಬಂದು ನಮ್ಮನೆಯಲ್ಲೇ ತಿಂಗಳು ಇರಲಿ ಎಂದು ಆಕೆ ಅವನ ಕೈಲಿ ಹೇಳಿಸಿದಳು. ಒಲ್ಲೆ ಎಂದೆ. ಕಲಿತು ಮುಗಿಸಿ ಕೊನೆಯ ದಿನ ಬರುತ್ತೇನೆ, ಮಾರನೆಯ ಬೆಳಿಗ್ಗೆ ವಿಮಾನ ಎಂದೆ.

ಕಲಿಯುವುದೇನು ಹುಡುಗಾಟವೇ? ಬಲದಿಂದ ಎಡಕ್ಕೆ ಬರೆಯುವುದು ಕಷ್ಟವಾಗಲಿಲ್ಲ, ಬಟ್ಟೆಯನ್ನು ಒಳಮಗ್ಗುಲಿನಿಂದ ನೋಡಿ ರೂಢಿಯಿತ್ತು. ಗಂಟಲಿನ ಅಕ್ಷರಗಳು ಮಾತ್ರ ನನ್ನ ಜೀವ ತಿಂದವು. ಒಂದು ಅಕ್ಷರಕ್ಕೆ ಕೆಮ್ಮಬೇಕು, ಇನ್ನೊಂದಕ್ಕೆ ಬಾಯಿ ಮುಕ್ಕಳಿಸಬೇಕು. ಟೀಚರಮ್ಮ ನನ್ನ ಮಗಳಿಗಿಂತ ಚಿಕ್ಕವಳು, ತಾಳ್ಮೆಯ ಹೆಣ್ಣು. ನಾನು ಎಷ್ಟು ಕೆಡಿಸಿದರೂ ಬಯ್ಯುತ್ತಿರಲಿಲ್ಲ. ಬೆರಳು ಸುತ್ತಿಸಿ "ಮತ್ತೊಮ್ಮೆ" ಎನ್ನುವಳು. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ, ಮತ್ತೊಮ್ಮೆ, ಮತ್ತೊಮ್ಮೆ. ನಾನು ಮೊದಲು ಕಲಿತ ಅರಬ್ಬಿ ಪದ ಅದೇ.

ಪಕ್ಕದ ಬೆಂಚಿನಲ್ಲಿ ಒಬ್ಬ ಲಾರಿ ಡ್ರೈವರು, ಇನ್ಯಾವುದೋ ದೇಶದವನು. ಎದೆ ತುಂಬ ಗಡ್ಡ. ಮನಸ್ಸಿನಲ್ಲೇ ಗಡ್ಡಪ್ಪ ಎಂದು ಕರೆದೆ. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿಗೆ ಕೂರುತ್ತಿದ್ದೆವು.

"ರೊಟ್ಟಿ ಬಿಸಿಯಾಗಿದೆ," ಎನ್ನುವನು ಅರಬ್ಬಿಯಲ್ಲಿ.

"ಹೌದು, ರೊಟ್ಟಿ ಬಿಸಿಯಾಗಿದೆ," ಎನ್ನುವೆ ನಾನು.

"ಇವತ್ತು ಸೋಮವಾರ."

"ಹೌದು, ಇವತ್ತು ಸೋಮವಾರ."

ಅಲ್ಲಿಗೆ ನಮ್ಮ ಸರಕು ಮುಗಿಯಿತು. ಒಂದು ದಿನ ಅವನು ಪರ್ಸಿನಿಂದ ಒಬ್ಬ ಹೆಂಗಸಿನ ಫೋಟೋ ತೆಗೆದು ಮೇಜಿನ ಮೇಲಿಟ್ಟ. ಕಣ್ಣು ಕೆಂಪಾಗಿತ್ತು. ಏನಾಯಿತಪ್ಪ ಎಂದು ಕೇಳಲು ನನ್ನಲ್ಲಿ ಮಾತಿಲ್ಲ, ಹೇಳಲು ಅವನಲ್ಲಿ ಇಲ್ಲ. ನನ್ನ ತಟ್ಟೆಯ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದೆ. ಬಿಸಿಯಾಗಿದೆ ಎಂದೆ. ಅವನು ತಲೆಯಾಡಿಸಿ ತಿಂದ.

ಕೋಣೆಯಲ್ಲಿ ಮಂಚ, ಕಬ್ಬಿಣದ ಬೀರು, ಬಾಗಿಲ ಹಿಂದೆ ಒಂದು ಮೊಳೆ. ಆ ಮೊಳೆಗೆ ನನ್ನ ಅಳತೆ ಟೇಪು ತೂಗುಹಾಕಿದ್ದೆ. ಭಾನುವಾರ ಮಾತ್ರ ಬೀದಿಗಿಳಿದು, ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತು ತಮ್ಮನಿಗೆ ಫೋನ್ ಮಾಡುತ್ತಿದ್ದೆ.

"ಏನಕ್ಕಾ, ಅರಬ್ಬಿ ಬಂತಾ?"

"ಬಂತು, ನನ್ನ ಮುಖ ನೋಡಿ ವಾಪಸ್ ಹೋಯ್ತು."

"ನಿನ್ನ ದನಿ ಯಾಕೆ ಹೀಗಿದೆ? ಹುಷಾರಿದ್ದೀಯ ತಾನೆ?"

"ಆರು ದಿನ ಆಯ್ತು ಕಣೋ ಬಾಯಿ ಬಿಟ್ಟು. ತುಕ್ಕು ಹಿಡಿದಿದೆ," ಎಂದೆ. ನಗಿಸಲು ಹೊರಟವಳು ಗೊಳೋ ಎಂದು ಅತ್ತುಬಿಟ್ಟೆ. ಔಷಧಿ ಅಂಗಡಿಯವನು ಒಂದು ಲೋಟ ನೀರು ತಂದುಕೊಟ್ಟ.

ಮೂರನೆಯ ವಾರ ತಡೆಯಲಾಗದೆ ಬಸ್ಸು ಹತ್ತಿ ಬೀಗಿತ್ತಿಯ ಬೀದಿಗೆ ಹೋದೆ. ಎದುರಿನ ಫುಟ್‌ಪಾತಿನಲ್ಲಿ ನಿಂತೆ. ಮೂರನೆಯ ಮಹಡಿಯ ತಂತಿಯ ಮೇಲೆ ಪುಟ್ಟ ಹಳದಿ ಅಂಗಿಯೊಂದು ಒಣಗುತ್ತಿತ್ತು, ಕೊಂಡು ತಂದದ್ದು. ನಾನು ಹೊಲಿದ ಫ್ರಾಕುಗಳೆಲ್ಲ ಗಿಡ್ಡವಾಗಿರಬೇಕು. ನಾಲ್ಕು ಹೆಜ್ಜೆ ಇಟ್ಟಿದ್ದರೆ ಬಾಗಿಲು. ಇಡಲಿಲ್ಲ. ಇನ್ನೂ ಪಾಠ ಮುಗಿದಿಲ್ಲವಲ್ಲ, ಅರ್ಧಂಬರ್ಧ ನಾಲಿಗೆಯಲ್ಲಿ ಹೋಗಿ ಮತ್ತೆ ಆ ಮಗುವಿನ ಎದುರು ಮೂಕಿಯಾಗಲೇ ಎಂದು ಬಂದ ಬಸ್ಸಿಗೇ ಹಿಂದಿರುಗಿದೆ. ಇಂಥ ಕತ್ತೆಯನ್ನು ಎಲ್ಲಾದರೂ ನೋಡಿದ್ದೀರಾ?

ನನ್ನ ತಯಾರಿ ಜೋರಾಗಿತ್ತು. ಮಗುವಿಗೆ ಕೇಳಲು ನಲವತ್ತು ಪ್ರಶ್ನೆಗಳನ್ನು, ಚಿತ್ರ ಬರೆದು ಸನ್ನೆ ಮಾಡಿ, ಟೀಚರಮ್ಮನಿಂದ ಮಾಡಿಸಿಕೊಂಡು, ಕನ್ನಡ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ನಿನ್ನ ಗೆಳತಿ ಯಾರು? ಶಾಲೆಯಲ್ಲಿ ಏನು ಆಟ? ಯಾವ ಬಣ್ಣ ಇಷ್ಟ? ಟೀಚರಮ್ಮ ತನ್ನ ಕಿವಿ ಹಿಡಿದು ತೋರಿಸಿ ಏನೋ ಎಚ್ಚರಿಸಿದಳು. ಉತ್ತರ ಬಂದಾಗ ಏನು ಮಾಡುತ್ತೀಯ ಎಂದಿರಬೇಕು. ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಕೈ ಬೀಸಿದೆ. ಕೊನೆಯ ದಿನ ಬಾಗಿಲಲ್ಲಿ ಗಡ್ಡಪ್ಪ ಎದೆಯ ಮೇಲೆ ಕೈಯಿಟ್ಟು, "ಇವತ್ತು ಗುರುವಾರ," ಎಂದ. "ಹೌದು, ಇವತ್ತು ಗುರುವಾರ," ಎಂದೆ. ಮತ್ತೆ ಅವನನ್ನು ನೋಡಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬೀಗಿತ್ತಿಯ ಬಾಗಿಲು ತಟ್ಟಿದೆ. ಆಕೆ ಎರಡೂ ಕೈ ಹಿಡಿದು ಒಳಗೆ ಕರೆದಳು. ಮೆಣಸಿನಕಾಯಿ ಎಷ್ಟು ಎತ್ತರ ಬೆಳೆದಿದ್ದಳು! ಮೂಗು ಥೇಟ್ ನನ್ನ ಮಗಳದ್ದೇ. ಈ ಸಲ ಅಡಗಲಿಲ್ಲ, ದೂರದ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕೂತಳು.

ನಾನು ಗಂಟಲು ಸರಿಮಾಡಿಕೊಂಡು ಮೊದಲನೆಯ ಪ್ರಶ್ನೆ ಕೇಳಿದೆ. ನಿನ್ನ ಗೆಳತಿ ಯಾರು?

ಮಗುವಿನ ಕಣ್ಣರಳಿತು. ನಲ್ಲಿ ತಿರುಗಿಸಿದಂತೆ ಉತ್ತರ ಸುರಿಯಿತು. ಕೈ ಆಡಿಸಿದಳು, ಯಾರದೋ ನಡಿಗೆ ಅಣಕಿಸಿದಳು, ನಕ್ಕಳು. ನನಗೆ ಒಂದು ಪದ ಹಿಡಿದರೆ ಹತ್ತು ಓಡಿಹೋದವು. ನಗಬೇಕಾದಲ್ಲಿ ನಾನು ನಗಲಿಲ್ಲ. ಅವಳು ಏನೋ ಕೇಳಿದಳು, ನಾನು ಸುಮ್ಮನೆ ಹೌದು ಎಂದೆ. ಅವಳ ಹುಬ್ಬು ಗಂಟಿಕ್ಕಿತು. ಎರಡನೆಯ ಪ್ರಶ್ನೆ ಕೇಳಿದೆ, ಚಿಕ್ಕ ಉತ್ತರ ಬಂತು. ಏಳನೆಯದಕ್ಕೆ ಭುಜ ಕುಣಿಸಿದಳು. ಹನ್ನೊಂದನೆಯದಕ್ಕೆ ಎದ್ದು ಅಜ್ಜಿಯ ಹತ್ತಿರ ಹೋಗಿ, ನಿಲುವಂಗಿಯ ತುದಿ ಹಿಡಿದು, ಸ್ಪಷ್ಟವಾಗಿ ಕೇಳಿದಳು:

"ಇವಳು ಯಾವಾಗ ಹೋಗ್ತಾಳೆ?"

ಇಪ್ಪತ್ತೆಂಟು ದಿನ ಕಲಿತ ಮೇಲೆ ಮಗುವಿನ ಬಾಯಿಂದ ನನಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು. ಬಸ್ಸಿನ ವೇಳೆಯ ಪಾಠದಲ್ಲಿ ಯಾವಾಗ, ಹೋಗು ಎರಡನ್ನೂ ನೂರು ಸಲ ಹೇಳಿಸಿದ್ದರು. ಬೀಗಿತ್ತಿ ಗಾಬರಿಯಿಂದ ನನ್ನ ಮುಖ ನೋಡಿದಳು.

"ನಾಳೆ," ಎಂದೆ ಅರಬ್ಬಿಯಲ್ಲಿ. "ಬೆಳಿಗ್ಗೆ ಎಂಟು ಗಂಟೆಗೆ."

ಒಂದು ತಪ್ಪಿಲ್ಲದೆ ಹೇಳಿದೆ. ಟೀಚರಮ್ಮ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ನನಗಾದರೋ ಎದೆಯಲ್ಲಿ ಕತ್ತರಿ ಆಡಿಸಿದಂತಾಯಿತು. ಪ್ರಶ್ನೆಗಳ ಹಾಳೆ ಮಡಿಸಿ ಚೀಲಕ್ಕೆ ತುರುಕಿದೆ. ಇನ್ನೇನು ಉಳಿದಿತ್ತು? ಬಂದದ್ದಕ್ಕೆ ಒಂದು ಅಳತೆಯನ್ನಾದರೂ ತೆಗೆದುಕೊಂಡು ಹೋಗೋಣ, ಊರಿನಿಂದ ಒಂದು ಫ್ರಾಕು ಕಳಿಸಿದರಾಯಿತು ಎಂದುಕೊಂಡು ಟೇಪು ಹೊರತೆಗೆದೆ. ಮಗುವಿನ ಮುಂದೆ ಮಂಡಿಯೂರಿದೆ. ಟೇಪು ಕೈಗೆ ಬಂದರೆ ನನ್ನ ಬಾಯಿ ಹೇಳಿದ ಮಾತು ಕೇಳುವುದಿಲ್ಲ. ಅಂಗಡಿಯಲ್ಲಿ ಮಕ್ಕಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೂವತ್ತು ವರ್ಷ ಹೇಳಿದ ಮಾತೇ ತಾನಾಗಿ ಬಂತು, ಕನ್ನಡದಲ್ಲಿ.

"ಕೈ ಎತ್ತು ಪುಟ್ಟ."

ಎತ್ತಿ ತೋರಿಸಲು ನನ್ನ ಕೈ ಮೇಲಕ್ಕೆ ಹೋಗುವಷ್ಟರಲ್ಲಿ ಅವಳ ಎರಡೂ ಕೈ ಮೇಲಿದ್ದವು.

"ಉಸಿರು ಬಿಡು, ಹಿಡೀಬೇಡ."

ಹುಫ್ ಎಂದು ಬಿಟ್ಟಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣಿನಲ್ಲೂ ಸನ್ನೆ ಮಾಡದೆ, ಮೆಲ್ಲಗೆ ಹೇಳಿದೆ.

"ತಿರುಗು."

ತಿರುಗಿದಳು. ಹೆಗಲಿಂದ ಮಂಡಿವರೆಗೆ ಅಳೆದೆ. ಕೊನೆಯದಾಗಿ, ಪ್ರತಿ ಮಗುವಿಗೂ ಹೇಳುವ ಮಾತು ಹೇಳಿದೆ.

"ಆಯ್ತು ಮಹಾರಾಣಿ, ಇಳಿ ಕೆಳಗೆ."

ಬರೀ ನೆಲದ ಮೇಲೆ ನಿಂತಿದ್ದ ಮಗು ಎರಡೂ ಕಾಲು ಜೋಡಿಸಿ, ಇಲ್ಲದ ಸ್ಟೂಲಿನಿಂದ ಧೊಪ್ಪನೆ ಕೆಳಗೆ ಹಾರಿತು.

ಬೀಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅವಳ ಅಮ್ಮ," ಎಂದಳು. ಆ ಪದಗಳು ನನಗೆ ಮೊದಲ ವಾರವೇ ಬಂದಿದ್ದವು. ಕನ್ನಡ ಕಲಿಸಲಿಲ್ಲವೆಂದು ನಾನು ಮಾತು ಬಿಟ್ಟ ನನ್ನ ಮಗಳು, ನಾಲ್ಕೇ ಮಾತು ಕಲಿಸಿ ಹೋಗಿದ್ದಳು. ಅವು ನನ್ನ ಮಾತುಗಳೇ. ಇಪ್ಪತ್ತೆಂಟು ದಿನ ನಲವತ್ತು ನಿಮಿಷದ ದೂರದಲ್ಲಿ ಅವು ನನಗಾಗಿ ಕಾದಿದ್ದವು, ನಾನು ಕೆಮ್ಮುವ ಅಕ್ಷರ ಕಲಿಯುತ್ತ ಕೂತಿದ್ದೆ. ಅಯ್ಯೋ ನನ್ನ ಹಠವೇ ಎಂದು ನೆಲದ ಮೇಲೆ ಕೂತು ಅತ್ತೆ.

ಮೆಣಸಿನಕಾಯಿ ಅಡುಗೆಮನೆಗೆ ಓಡಿ ಒಂದು ಸ್ಟೂಲನ್ನು ಕಿರ್ರೆಂದು ಎಳೆದು ತಂದಳು. ಅದರ ಮೇಲೆ ಹತ್ತಿ ನಿಂತು, ನಾನು ಚೆನ್ನಾಗಿ ಬಲ್ಲ ಪದ ಹೇಳಿದಳು.

"ಮತ್ತೊಮ್ಮೆ."

ಕಣ್ಣೊರೆಸಿಕೊಂಡು ಎದ್ದೆ. ಕೈ ಎತ್ತು ಪುಟ್ಟ ಎಂದೆ. ಕತ್ತಲಾಗುವವರೆಗೂ ಹತ್ತಿದಳು, ಹಾರಿದಳು, ಮತ್ತೊಮ್ಮೆ ಎಂದಳು. ಪ್ರತಿ ಸಲವೂ ಅಳೆದೆ, ಪ್ರತಿ ಸಲವೂ ಬರೆದುಕೊಂಡೆ. ಬೆಳಿಗ್ಗೆ ಎಂಟಕ್ಕೆ ಟ್ಯಾಕ್ಸಿ ಬಂತು. ಅಳತೆ ಪುಸ್ತಕದ ಆ ಅರ್ಧ ಪುಟದಲ್ಲಿ ಎದೆ ಇಪ್ಪತ್ನಾಲ್ಕು, ಉದ್ದ ಇಪ್ಪತ್ತೆಂಟು ಎಂದು ಹದಿನಾಲ್ಕು ಸಲ ಬರೆದಿದೆ.