ಹಿಡಿಯಕ್ಕನ ಹೆಬ್ಬೆರಳು

ಹಿಡಿಯಕ್ಕನಿಗೆ ಮುಖಗಳು ನೆನಪಿರುವುದಿಲ್ಲ. ಹನ್ನೊಂದು ವರ್ಷ ದಿನಾ ಎದುರಾದ ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ ಒಮ್ಮೆ ಪೇಟೆಯಲ್ಲಿ ಸಿಕ್ಕಾಗ, ಯಾರೋ ಏನೋ ಎಂದು ದಾಟಿ ಹೋದವಳು, ಆತ ಕೊಡೆ ಬಿಡಿಸಲು ಕೈ ಎತ್ತಿದ್ದೇ ತಡ, ಹಿಂದಿರುಗಿ ಬಂದು ಮಾತಾಡಿಸಿದ್ದಳು. ಅವಳು ಮನುಷ್ಯರನ್ನು ಗುರುತಿಸುವುದು ಕೈಯಿಂದ. ಅದೂ ಕೈ ಏನನ್ನಾದರೂ ಹಿಡಿದಿರುವಾಗ.

ಕ್ಲಬ್ಬಿನ ಹಿಂಬದಿಯ ಒಂಟಿ ಕಿಟಕಿಯ ಕೋಣೆಯಲ್ಲಿ ಅವಳ ಕೆಲಸ. ಆಟಗಾರರ ಕೋಲುಗಳ ಸವೆದ ರಬ್ಬರ್ ಹಿಡಿಯನ್ನು ಚಾಕುವಿನಿಂದ ಸೀಳಿ ಕಳಚುವುದು, ಹಳೆಯ ಟೇಪು ಕೆರೆದು ಹೊಸದು ಸುತ್ತುವುದು, ಥಿನ್ನರ್ ಸುರಿದು, ಅದು ಆರುವ ಮೊದಲೇ ಹೊಸ ಹಿಡಿಯನ್ನು ಒಂದೇ ಉಸಿರಿಗೆ ತಳ್ಳಿ ಕೂರಿಸುವುದು. ಗಂಡನ ಹಳೆಯ ಕಂದು ಕೋಟನ್ನು ತೋಳು ಮಡಚಿ ತೊಟ್ಟು, ಅಂಟು ಕೈಗಳನ್ನು ಮೈಯಿಂದ ಗೇಣು ದೂರ ಇಟ್ಟುಕೊಂಡು ನಡೆದೂ ನಡೆದೂ, ಕೈ ಒಣಗಿರುವಾಗಲೂ ಅವಳ ನಡಿಗೆ ಇನ್ನೇನು ಹಾರಲಿರುವ ಬಾತುಕೋಳಿಯದೇ ಆಗಿಬಿಟ್ಟಿತ್ತು.

ಕಳಚಿದ ಹಿಡಿಯನ್ನು ಎಸೆಯುವ ಮೊದಲು ಅವಳು ಅದನ್ನು ಓದುತ್ತಿದ್ದಳು. ಅಂಗೈಯ ಬುಡ ಒತ್ತುವಲ್ಲಿ ರಬ್ಬರ್ ಉಜ್ಜಿಹೋಗಿದ್ದರೆ, "ಕೋಲು ಮೇಲೆ ಹೋದಾಗ ಕೈ ಬಿಟ್ಟು ಮತ್ತೆ ಹಿಡೀತೀರಿ, ಅಷ್ಟೇ ತಾನೇ?" ಎನ್ನುವಳು. ಹೆಬ್ಬೆರಳಿನ ಜಾಗದಲ್ಲಿ ಗುಳಿ ಬಿದ್ದಿದ್ದರೆ, "ಕತ್ತು ಹಿಸುಕ್ತಾ ಇದೀರಿ. ತೋಳು ಬಿಗಿದು ಚೆಂಡು ಬಲಕ್ಕೆ ಓಡತ್ತೆ, ಅಷ್ಟೇ ತಾನೇ?" ದೊಡ್ಡ ದೊಡ್ಡ ಡಾಕ್ಟರು, ವಕೀಲರೆಲ್ಲ ಸಿಕ್ಕಿಬಿದ್ದ ಮಕ್ಕಳಂತೆ ತಲೆಯಾಡಿಸುವರು. ಆಗ ಅವರ ಬೆರಳುಗಳನ್ನು ಒಂದೊಂದಾಗಿ ಕೋಲಿನ ಮೇಲೆ ಕೂರಿಸಿ ಹೇಳುವಳು: "ಮಲಗಿರೋ ಮಗು ಕೈ ಹಿಡಿದ ಹಾಗೆ ಹಿಡೀರಿ. ಜಾರಬಾರದು, ಎಚ್ಚರಾನೂ ಆಗಬಾರದು." ಮಲಗಿದ ಮಗುವಿನ ಕೈಯನ್ನು ಎಂದೂ ಹಿಡಿಯದವರು ಅವರಲ್ಲಿ ಬಹಳ ಮಂದಿ, ಅವರಿಗೆ ಅದನ್ನು ಕಲಿಯಲು ಹೆಚ್ಚು ದಿನ ಹಿಡಿಯುತ್ತಿತ್ತು.

ಇಷ್ಟೆಲ್ಲ ಬಲ್ಲವಳ ಚೆಂಡು ಮಾತ್ರ ಬಲಕ್ಕೇ ಓಡುತ್ತಿತ್ತು. ಕೆಲಸಗಾರರಿಗೆ ಮೈದಾನ ಸಿಗುವುದು ವರ್ಷಕ್ಕೊಂದು ದಿನ, ಅವರದೇ ಒಂಬತ್ತು ಕುಳಿಗಳ ಪಂದ್ಯಕ್ಕೆ. ಗೆದ್ದವರಿಗೆ ಮುಂದಿನ ಇಡೀ ವರ್ಷ, ಕ್ಲಬ್ಬಿಗೆ ರಜೆಯಿರುವ ಸೋಮವಾರಗಳಂದು ಖಾಲಿ ಮೈದಾನದಲ್ಲಿ ಆಡುವ ಹಕ್ಕು. ಆ ಸೋಮವಾರಗಳ ಆಸೆಯಿಂದಲೇ ಅವಳು ಯಾರೋ ಬಿಟ್ಟುಹೋದ ಕೋಲುಗಳನ್ನು ಹೊಂದಿಸಿಕೊಂಡು, ಕೋಣೆಯ ಹಿಂದಿನ ಬಲೆಗೆ ಹೊಡೆದು ಅಭ್ಯಾಸ ಮಾಡುತ್ತಿದ್ದಳು. ಪಂದ್ಯಕ್ಕಿಳಿದ ಆರು ವರ್ಷವೂ ಕೊನೆಯ ಕುಳಿಯ ಬಲಗಡೆಯ ಕೊಳ ಅವಳ ಚೆಂಡನ್ನು ನುಂಗಿತ್ತು. ಆರು ವರ್ಷವೂ ಹುಲ್ಲು ಕತ್ತರಿಸುವ ಮೇಸ್ತ್ರಿಯೇ ಗೆದ್ದಿದ್ದ. "ಅಕ್ಕಾ, ಮೀನುಗಳು ನಿಮ್ಮನ್ನ ಕೇಳ್ತಾ ಇದ್ವು," ಎಂದು ವರ್ಷವಿಡೀ ಕಾಲೆಳೆಯುವ ಹಕ್ಕೂ ಅವನದಾಗಿತ್ತು.

ಏಳನೆಯ ವರ್ಷ, ಪಂದ್ಯಕ್ಕೆ ಎರಡು ತಿಂಗಳಿರುವಾಗ, ಮೇಜಿನ ಮೇಲೆ ಬಿದ್ದಿದ್ದ ಹಿಡಿಗಳ ರಾಶಿಯಿಂದ ಒಂದನ್ನೆತ್ತಿ ಅವಳು ಚಕಿತಳಾದಳು. ಹೆಬ್ಬೆರಳಿನ ಗುಳಿ ಒಳಗಿನ ಟೇಪಿನವರೆಗೂ ಇಳಿದಿತ್ತು. "ಯಾವ ಮಹಾರಾಯಂದಪ್ಪ ಇದು? ಇವನಿಗೆ ಆಟ ಅಲ್ಲ, ಯಾರ ಮೇಲೋ ಸಿಟ್ಟಿದೆ."

ಚಹಾಕ್ಕೆಂದು ಬಂದಿದ್ದ ಮೇಸ್ತ್ರಿ ಬಗ್ಗಿ ನೋಡಿದ. "ಹಸಿರು ಅಂಚಿನ ಗ್ರಿಪ್ ಇಡೀ ಕ್ಲಬ್ಬಲ್ಲಿ ಒಬ್ಬರಿಗೇ ಇರೋದು ಅಕ್ಕಾ. ಬೆಳಗ್ಗೆ ನೀವೇ ನಿಮ್ಮ ಕೋಲಿಂದ ಕಳಚಿ ಹಾಕಿದ್ದು."

ಅವಳು ಆ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟಳು, ಸರಿಯಾಗಿ ಕೂತಿತು. ಆ ಸಂಜೆ ಮನೆಗೆ ಹೋದವಳು ಕೋಟೂ ಬಿಚ್ಚದೆ ನೆಲ ಒರೆಸುವ ಕೋಲನ್ನು ದೀಪದಡಿ ಹಿಡಿದಳು. ಬಣ್ಣ ಎದ್ದುಹೋದ ಜಾಗದಲ್ಲಿ ಅದೇ ಹೆಬ್ಬೆರಳು. ಬಾಣಲೆಯ ಹಿಡಿಯಲ್ಲಿ, ಬಕೆಟ್ಟಿನ ಹಿಡಿಯಲ್ಲಿ, ಅದೇ. ಇಪ್ಪತ್ತಾರು ವರ್ಷ ಹೊದಿಕೆ ಹಿಂಡಿ, ನೀರು ಹೊತ್ತು ಬಿಗಿದುಕೊಂಡ ಕೈಗೆ ಸಡಿಲವೆಂದರೇನೆಂದು ತಿಳಿದಿರಲೇ ಇಲ್ಲ.

"ರೀ, ಈ ಮನೇಲಿ ನಿಮ್ಮ ಹೆಬ್ಬೆರಳು ಎಲ್ಲಿದೆ, ಸ್ವಲ್ಪ ತೋರಿಸಿ," ಎಂದು ಗಂಡನನ್ನು ಕರೆದಳು.

ಟಿಕೆಟ್ ಕೌಂಟರಿನ ಗುಮಾಸ್ತನಾದ ಆತ ಪೇಪರ್ ಕೆಳಗಿಳಿಸಿದ. "ಯಾಕೆ, ನಾನೂ ಒರೆಸ್ತೀನಲ್ಲ."

ಮೂಲೆಯಲ್ಲಿದ್ದ ಅತ್ತೆ ಕೋಲನ್ನು ಇಸಿದುಕೊಂಡು, ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ ತಿರುಗಿಸಿ ನೋಡಿದರು. ಮಗನ ಪರ ವಹಿಸಲು ಅವರಿಗೂ ಏನೂ ಸಿಗಲಿಲ್ಲ. "ಇಲ್ಲ ಕಣೋ. ನಿಂದು ಒಂದು ಗೀಟೂ ಇಲ್ಲ."

"ಪಂದ್ಯ ಮುಗಿಯೋವರೆಗೂ ನಾನು ಏನನ್ನೂ ಹಿಂಡಲ್ಲ, ಎತ್ತಲ್ಲ, ಒರೆಸಲ್ಲ," ಎಂದಳು ಹಿಡಿಯಕ್ಕ. "ಕೈಗೆ ರಜೆ. ಅಷ್ಟೇ ತಾನೇ?"

ಮೊದಲ ವಾರ ಮನೆ ಜಿಡ್ಡುಗಟ್ಟಿತು. ಎರಡನೆಯ ವಾರ ಗಂಡ ಹೊದಿಕೆ ಹಿಂಡಿ, ರಟ್ಟೆ ನೋವೆಂದು ಮುಲಾಮು ಹುಡುಕಿದ. ಅತ್ತೆ ಕುರ್ಚಿಯಿಂದಲೇ, "ಇನ್ನೊಂದು ಸುತ್ತು ತಿರುಚೋ, ನೀರು ತೊಟ್ಟಿಕ್ತಾ ಇದೆ," ಎಂದು ಉಸ್ತುವಾರಿ ವಹಿಸಿದರು. ಐದನೆಯ ವಾರದ ಹೊತ್ತಿಗೆ ಮನೆ ಮಾಮೂಲಿಗೆ ಬಂತು. ಅತ್ತ ಬಲೆಯ ಮುಂದೆ, ಎಲ್ಲರಿಗೂ ಹೇಳಿದ್ದನ್ನು ಅವಳು ಮೊದಲ ಸಲ ತನ್ನ ಬೆರಳುಗಳಿಗೆ ಹೇಳಿದಳು.

ಪಂದ್ಯದ ದಿನ ಎಂಟು ಕುಳಿ ಮುಗಿದಾಗ ಮೇಸ್ತ್ರಿಯೂ ಅವಳೂ ಸಮಸಮ. ಕೊನೆಯದರಲ್ಲಿ ಆತ ಕೊಳಕ್ಕೆ ಹೆದರಿ ತೀರ ಎಡಕ್ಕೆ ಹೊಡೆದು ಐದು ಹೊಡೆತದಲ್ಲಿ ಮುಗಿಸಿದ. ಅವಳು ಕೋಟು ಕಳಚಿ ಅವನ ಕೈಗೇ ಕೊಟ್ಟಳು. ಕೋಲು ಏರಿತು, ಇಳಿಯಿತು. ಅಂಗೈಗೆ ಬಡಿತವೇ ತಿಳಿಯಲಿಲ್ಲ. ಚೆಂಡು ಕೊಳದ ಅಂಚಿನುದ್ದಕ್ಕೂ ನೆಟ್ಟಗೆ ಸಾಗಿ, ಬಲಕ್ಕೆ ಒಂದಿಷ್ಟೂ ವಾಲದೆ, ದೂರದ ಹುಲ್ಲಿನಲ್ಲಿ ಎರಡು ಸಲ ಪುಟಿದು ನಿಂತಿತು. ಅಲ್ಲಿಂದ ಮೂರು ಹೊಡೆತ, ಒಟ್ಟು ನಾಲ್ಕು: ಅವನಿಗಿಂತ ಒಂದು ಕಡಿಮೆ, ಪಂದ್ಯ ಅವಳದು. ಮೇಸ್ತ್ರಿ ಕೋಟು ಹಿಂದಿರುಗಿಸುತ್ತ, "ಮೀನುಗಳಿಗೆ ಏನು ಹೇಳ್ಲಿ ಅಕ್ಕಾ?" ಎಂದ.

"ಸೋಮವಾರ ನಾನೇ ಬಂದು ಹೇಳ್ತೀನಿ."

ಪಂದ್ಯ ಮುಗಿದರೂ ಕೈಯ ರಜೆ ಮುಗಿಯಲಿಲ್ಲ. ಅರ್ಧ ಕೆಲಸವನ್ನಷ್ಟೇ ಅವಳು ವಾಪಸು ತೆಗೆದುಕೊಂಡಳು. ಈಗ ಆ ಒರೆಸುವ ಕೋಲಿನಲ್ಲಿ ಅವಳ ಗುರುತಿಗಿಂತ ಗೇಣು ಮೇಲೆ, ಎತ್ತರದವನೊಬ್ಬನ ಹೆಬ್ಬೆರಳು ತೆಳ್ಳಗೆ ಮೂಡತೊಡಗಿದೆ. ಇಂಥ ಹೆಂಗಸರ ಕೈ ಬಲು ಗಟ್ಟಿ ಎಂದು ಹೊಗಳುವವರು ಎಲ್ಲ ಕಡೆಯೂ ಇದ್ದಾರೆ, ಆ ಗಟ್ಟಿತನಕ್ಕೆ ಎಷ್ಟು ಬಕೆಟ್ಟು ನೀರು ಹೋಯಿತೆಂದು ಕೇಳುವವರು ಕಡಿಮೆ. ತಾವು ಸಡಿಲಿಸಿದರೆ ಮನೆಯೇ ಕೈಜಾರಿ ಬಿದ್ದೀತೆಂದು ಅವರೂ ನಂಬಿರುತ್ತಾರೆ. ಒಮ್ಮೆ ಸಡಿಲಿಸಿ ನೋಡಿದವರಿಗೆ ಮಾತ್ರ ಗೊತ್ತು: ಮನೆ ಬೀಳುವುದಿಲ್ಲ, ಚೆಂಡು ಕೊಳ ದಾಟುತ್ತದೆ.