ತಲೆ ಯಾವ ಕಡೆ?

ಇದು ಅಜ್ಜಿಕತೆಗಳಲ್ಲಿ ಬರುವ, ಹುಲಿಗಳು ಕಾಲ ಮೇಲೆ ಕಾಲು ಹಾಕಿ ಚಿಲುಮೆ ಸೇದುತ್ತಿದ್ದ ಕಾಲದ ಕತೆಯಲ್ಲ, ಹೋದ ಫೆಬ್ರವರಿಯದು. ಆದರೂ ಹಾಗೆಯೇ ಶುರುಮಾಡುತ್ತೇನೆ. ಇಂಚನ್ ಎಂಬ ಕಡಲೂರಿನ ಗುಡ್ಡದ ಓಣಿಯಲ್ಲಿ ಒಬ್ಬಳು ಹೆಂಗಸಿದ್ದಳು. ಕಂಡವರ ಮನೆಯ ಗೋಡೆಗಳಿಗೆಲ್ಲ ಕಾಗದದ ಅಂಗಿ ತೊಡಿಸುವುದು ಅವಳ ಕೆಲಸ. ಸಾವಿರ ಗೋಡೆಗೆ ತೊಡಿಸಿದಳು. ಅವಳದೇ ಕೋಣೆಯ ಒಂದು ಗೋಡೆ ಮಾತ್ರ ಬೆತ್ತಲೆ ಉಳಿದುಬಿಟ್ಟಿತು.

ಆ ಕೋಣೆಯ ಬಾಗಿಲಿಗೆ ಈಗ ಅವಳ ಗಂಡ ಗಿಚಲ್ ಊರುಗೋಲನ್ನು ಅಡ್ಡ ಹಿಡಿದು ನಿಂತಿದ್ದ.

"ಇಲ್ಲಿಗೆ ತರಬೇಡ. ಅವಳಿಗೆ ತೋರಿಸಬೇಡ."

ಮಗಳು ಹೇವನ್ ತಟ್ಟನೆ ನಿಂತಳು. ಅವಳ ಎರಡೂ ಕೈಯಲ್ಲಿ ಕಪ್ಪು ರಿಬ್ಬನ್ ಕಟ್ಟಿದ ಅಮ್ಮನ ಫೋಟೋ ಇತ್ತು. ಪರದೇಶಕ್ಕೆ ಹೋಗಿಬರೋಣವೆಂದು ತೆಗೆಸಿ, ಕೊನೆಗೆ ಎಲ್ಲಿಗೂ ಹೋಗದೆ ಉಳಿದ ಫೋಟೋ. ಅಮ್ಮ ಸಂಬುನ್‌ಳ ಪೆಟ್ಟಿಗೆ ಹೊತ್ತ ಬಸ್ಸು ಓಣಿಯ ತಿರುವಿನಲ್ಲಿ ನಿಂತಿತ್ತು. ಸುಡುಗಾಡಿಗೆ ಹೋಗುವ ದಾರಿಯಲ್ಲಿ ಮನೆಯ ಮುಂದೆ ನಿಲ್ಲಿಸಿ, ಸತ್ತವರ ಫೋಟೋವನ್ನು ಕೋಣೆಕೋಣೆಗೂ ಹೊತ್ತು ತಿರುಗಿಸಬೇಕು. ಇದು ನಿನ್ನ ಅಡುಗೆಮನೆ, ಇದು ನಿನ್ನ ಬಚ್ಚಲು, ಕಣ್ತುಂಬ ನೋಡಿಕೊಂಡು ಹೊರಡು ಅಂತ. ಅಡುಗೆಮನೆ ಆಗಿತ್ತು, ಬಚ್ಚಲು ಆಗಿತ್ತು. ಉಳಿದದ್ದು ಇದೊಂದೇ ಕೋಣೆ.

"ಇದೆಂಥ ಹಟ ಭಾವ!" ಹಿಂದಿನಿಂದ ಚಿಕ್ಕಮ್ಮ ಒಕ್ಸುನ್ ಕೂಗಿದಳು. ಸಂಬುನ್‌ಳ ತಂಗಿ, ಮೂರು ದಿನ ಅತ್ತೂ ಅತ್ತೂ ಗಂಟಲು ಕಟ್ಟಿದ್ದರೂ ಮಾತು ಕಟ್ಟಿರಲಿಲ್ಲ. "ಬಸ್ಸಲ್ಲಿ ಇಪ್ಪತ್ತು ಜನ ಕೂತಿದಾರೆ."

"ಕೂತಿರಲಿ. ಮೂರು ದಿನದಿಂದ ಸಾವಿನ ಮನೆಯ ಖಾರದ ಸಾರು ಕುಡಿದಿದಾರಲ್ಲ, ಕೂರೋಕೆ ಶಕ್ತಿ ಇರುತ್ತೆ."

ಅಂತ್ಯಕ್ರಿಯೆಯ ಉಸ್ತುವಾರಿಗೆ ಬಂದಿದ್ದ ಬಾನ್ ಬಿಳಿ ಕೈಗವಸು ಸರಿಸಿ ಗಡಿಯಾರ ನೋಡಿದ. ಒಂಬತ್ತೂ ಇಪ್ಪತ್ತು.

"ಯಜಮಾನ್ರೇ, ಹನ್ನೊಂದಕ್ಕೆ ಅಲ್ಲಿ ನಮ್ಮ ಸರದಿ. ಹತ್ತಕ್ಕೆ ಇಲ್ಲಿಂದ ಬಿಡಲೇಬೇಕು. ತಪ್ಪಿದರೆ ಇವತ್ತು ಇನ್ನೊಂದು ಸರದಿ ಸಿಗಲ್ಲ."

ಗಿಚಲ್ ಊರುಗೋಲು ಇಳಿಸಿ, ಶಸ್ತ್ರಚಿಕಿತ್ಸೆಯಲ್ಲಿ ಹಾಕಿಸಿದ ಹೊಸ ಮಂಡಿಯ ಮೇಲೆ ಮೆಲ್ಲಗೆ ಭಾರ ಹಾಕುತ್ತ ಒಳಗೆ ಹೋಗಿ, ಮೂಲೆಯಲ್ಲಿದ್ದ ದೊಡ್ಡ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿದ. ಬಗ್ಗಿ ಮೂಸಿದ.

"ಅಂಟು ಇನ್ನೂ ಹುಳಿ ಬಂದಿಲ್ಲ" ಎಂದ. "ಚಳಿಗೆ ನೆಲದಡಿ ಹಾಯಿಸೋ ಬಿಸಿ ಆರಿಸಿಟ್ಟಿದ್ಲು, ಅದಕ್ಕೇ ತಡೆದಿದೆ. ನಾಳೆಗೆ ತಡೆಯಲ್ಲ."

ಚೀಲದಲ್ಲಿ ಮೂರು ಹಾಳೆಗಳಿದ್ದವು. ಅಳೆದು, ಕತ್ತರಿಸಿ, ಅಂಟು ಬಳಿದು, ಒಣಗದಂತೆ ಅಂಟಿನ ಮೈ ಒಳಗಾಗಿ ಮಡಿಸಿ ಇಟ್ಟಿದ್ದವು. ಮೊನ್ನೆ ಬೆಳಿಗ್ಗೆ ಅವನ್ನು ಹಾಗೆ ಇಟ್ಟು, ಮಂಚದ ಅಂಗಡಿಗೆ ಹೋಗಿಬರುತ್ತೇನೆಂದು ಇಳಿಜಾರು ಇಳಿದಿದ್ದಳು ಸಂಬುನ್. ಅಂಗಡಿಯಲ್ಲೇ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಸಂಜೆ ಮಂಚ ಮನೆಗೆ ಬಂತು, ಅವಳು ಬರಲಿಲ್ಲ.

"ನೀವು ಆಸ್ಪತ್ರೆಯಿಂದ ಬರೋಷ್ಟರಲ್ಲಿ ಕೋಣೆ ಮುಗಿಸಿರ್ತೀನಿ ಅಂದಿದ್ಲು" ಎಂದ ಗಿಚಲ್. "ಕೆಲಸ ಅರ್ಧಕ್ಕೆ ಬಿಟ್ಟು ಅವಳು ಒಂದು ಮನೆಯಿಂದಲೂ ಹೊರಟವಳಲ್ಲ. ಈಗ ಹ್ಯಾಗೆ ಹೊರಡಿಸ್ಲಿ?"

*

ಗಂಡ ಹೆಂಡತಿ ಇಬ್ಬರದೂ ಒಂದೇ ಕಸುಬು. ಅಂಟು ಅವನದು, ಗೋಡೆ ಅವಳದು. ಅವನು ನೆಲದ ಮೇಲೆ ಮಂಡಿಯೂರಿ ಹಾಳೆಗೆ ಅಂಟು ಬಳಿಯುವನು. ಅವಳು ಹಲಗೆ ಮೇಜಿನ ಮೇಲೆ ನಿಂತು ಅದನ್ನು ಗೋಡೆಗೆ ಏರಿಸುವಳು. ಮೂವತ್ತೆಂಟು ವರ್ಷ ಹೀಗೆ ಮಂಡಿಯೂರಿಯೇ ಅವನ ಮಂಡಿ ಸವೆದದ್ದು. ಅಷ್ಟು ವರ್ಷದಲ್ಲಿ ಒಂದೇ ಒಂದು ಹಾಳೆಯನ್ನೂ ಅವನು ಗೋಡೆಗೆ ಏರಿಸಿರಲಿಲ್ಲ.

ಹೊಸ ಮನೆಗೆ ಹೋದರೆ ಸಂಬುನ್ ಕಾಗದದ ಬಣ್ಣ ಕೇಳುವ ಮೊದಲು ಒಂದು ಮಾತು ಕೇಳುತ್ತಿದ್ದಳು.

"ಈ ಕೋಣೇಲಿ ತಲೆ ಯಾವ ಕಡೆ ಇಟ್ಟು ಮಲಗ್ತೀರಿ?"

ಒಂದು ಹಾಳೆಯ ಅಂಚು ಪಕ್ಕದ ಹಾಳೆಯ ಮೇಲೆ ಕೂದಲೆಳೆಯಷ್ಟು ಹತ್ತಿ ಕೂರುತ್ತದೆ. ಒಂದು ಕಡೆಯಿಂದ ನೋಡಿದರೆ ಆ ಅಂಚಿನ ಗೆರೆ ಕಾಣುತ್ತದೆ, ಇನ್ನೊಂದು ಕಡೆಯಿಂದ ಕಾಣುವುದಿಲ್ಲ. ಉಳಿದ ಕೆಲಸದವರೆಲ್ಲ ಬಾಗಿಲಲ್ಲಿ ನಿಂತವರಿಗೆ ಕಾಣದ ಹಾಗೆ ಅಂಟಿಸುತ್ತಿದ್ದರು. ದೂರದ ತುದಿಯಿಂದ ಹಿಡಿದು ಬಾಗಿಲ ಕಡೆಗೆ ಬರುವುದು. ಸಂಬುನ್ ಮಾತ್ರ ದಿಂಬಿನ ಕಡೆಗೆ ಬರುತ್ತಿದ್ದಳು. "ಬಾಗಿಲಲ್ಲಿ ನಿಲ್ಲೋನು ನೆಂಟ. ಹುಷಾರಿಲ್ಲದೆ ಮಲಗಿ ಗೋಡೆ ನೋಡೋನು ಮನೆಯವನು" ಎನ್ನುವಳು. ಮುದುಕರ ಕೋಣೆಗೆ ಪಟ್ಟೆಪಟ್ಟೆ ಕಾಗದ ಕೊಡುತ್ತಿರಲಿಲ್ಲ. ನಿದ್ದೆ ಬರದೆ ಎಣಿಸುತ್ತ ಕೂರುತ್ತಾರೆ ಅಂತ. ಮಕ್ಕಳ ಕೋಣೆಯ ಗೋಡೆಯಲ್ಲಿ ಎತ್ತರ ಅಳೆದ ಗುರುತುಗಳಿದ್ದರೆ ಅಷ್ಟು ಅಗಲ ಹಾಗೇ ಬಿಟ್ಟು ಸುತ್ತಲೂ ಅಂಟಿಸುವಳು.

ಸ್ವಂತ ಮನೆಗೋ, ಕಂಡವರ ಮನೆಯಲ್ಲಿ ಉಳಿದ ಚೂರುಪಾರು. ಹೊಸ್ತಿಲ ಬಳಿ ಬ್ಯಾಂಕಿನವರ ಮನೆಯ ಪಟ್ಟೆ, ಅಡುಗೆಮನೆಯಲ್ಲಿ ಹಲ್ಲಿನ ಡಾಕ್ಟರ ಮನೆಯ ಹಸಿರು. ಹೇವನ್‌ಳ ಕೋಣೆಯಲ್ಲಿ ಮೂರು ಗೋಡೆಗೆ ಮೋಡಗಳು. ನಾಲ್ಕನೆಯದಕ್ಕೆ ಮೋಡ ಸಾಲದೆ ಯಾವುದೋ ಹೋಟೆಲಿನ ಕೆಂಪು ಹೂವು. ಗೆಳತಿಯರು ಬಂದರೆ ಹೇವನ್ ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ಹೂವು ಮುಚ್ಚಿಹೋಗುತ್ತದೇನೋ ಎಂಬಂತೆ.

ದೊಡ್ಡವಳಾಗಿ ಅವಳೂ ಮನೆಗಳ ಕೆಲಸಕ್ಕೇ ಬಂದಳು. ಹಳೇ ಮನೆ ಒಡೆದು ಹೊಸದು ಮಾಡುವ, ಒಳಾಂಗಣದ ನಕ್ಷೆ ಬರೆಯುವ ಕೆಲಸ. ಅವಳು ಮುಟ್ಟಿದ ಮನೆಯೆಲ್ಲ ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಳಿ.

"ಆಸ್ಪತ್ರೆ ಬಿಳಿ" ಎಂದು ಅಮ್ಮ ನಗುತ್ತಿದ್ದಳು.

*

"ಯಾರು ಅಂಟಿಸ್ತೀರಿ ಈಗ?" ಒಕ್ಸುನ್ ಸೊಂಟಕ್ಕೆ ಕೈ ಇಟ್ಟಳು. "ನಿಮಗೆ ಕಾಲಿಲ್ಲ, ನನಗೆ ಕೈ ಬರಲ್ಲ. ಹೇವನ್, ನೀನು ಅಷ್ಟು ಮನೆ ಮಾಡಿದೀಯಲ್ಲೇ, ಮೂರು ಹಾಳೆ ಅಂಟಿಸೋಕಾಗಲ್ವಾ?"

"ನಾನು ನಕ್ಷೆ ಬರಿಯೋಳು ಚಿಕ್ಕಮ್ಮ."

"ಮೀನಿನ ಚಿತ್ರ ಬರೆದು ಊಟಕ್ಕೆ ಬಡಿಸೋ ಹಾಗಾಯ್ತು."

ಹೇವನ್ ಒಳಗೆ ಕಾಲಿಡುವಾಗ ಎಡವಿದಳು. ಹೊಸ್ತಿಲೆಂದು ಎತ್ತಿದ ಕಾಲಿಗೆ ಹೊಸ್ತಿಲೇ ಸಿಗಲಿಲ್ಲ. ಈ ಬೆಳಿಗ್ಗೆ ಪ್ರತಿ ಬಾಗಿಲಲ್ಲೂ ಹೀಗೇ ಆಗಿತ್ತು. ಅಪ್ಪ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿದ್ದ ಮೂರು ವಾರದಲ್ಲಿ ಅಮ್ಮ ಮನೆಯ ಹೊಸ್ತಿಲುಗಳನ್ನೆಲ್ಲ ಉಳಿಯಿಂದ ಕೆತ್ತಿ ನೆಲಸಮ ಮಾಡಿಸಿದ್ದಳು. ಬಚ್ಚಲಿನ ಗೋಡೆಗೆ ಹಿಡಿಕಂಬಿ, ಚಪ್ಪಲಿ ಬಿಡುವಲ್ಲಿ ಕೂರಲು ಮಡಿಸುವ ಪೀಠ, ಅಡುಗೆಮನೆಯ ಕಪಾಟುಗಳು ಒಂದು ಗೇಣು ಕೆಳಕ್ಕೆ. ಮಗಳನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳುವಂತೆ ಮಗಳು ನಡೆದುಕೊಂಡಿರಲೂ ಇಲ್ಲ.

ಬೆತ್ತಲೆ ಗೋಡೆಯ ಪಕ್ಕ, ಒಂದು ಹಾಸಿಗೆಯಷ್ಟು ಜಾಗ ಬಿಟ್ಟು, ಹೊಸ ಮಂಚ ನಿಂತಿತ್ತು. ಉಳಿದ ಮೂರು ಗೋಡೆ ಮುಗಿದಿದ್ದವು. ಅಕ್ಕಿ ತೊಳೆದ ನೀರಿನಂಥ ಬಿಳಿ. ಹೇವನ್ ಹತ್ತಿರ ಹೋಗಿ ಬೆರಳಾಡಿಸಿದಳು. ತನ್ನ ಎಲ್ಲ ಮನೆಗಳಿಗೂ ತಾನೇ ಹಾಕಿಸುವ ಕಾಗದ ಅದು.

"ಇದು..."

"ಹೂಂ, ನಿನ್ನದೇ" ಎಂದಳು ಒಕ್ಸುನ್. "ನಾನೂ ಜೊತೆಗೆ ಹೋಗಿದ್ದೆ ಅಂಗಡಿಗೆ. ನನ್ನ ಮಗಳು ಹಾಕೋದೇ ಕೊಡಿ, ಹೊಸ ಸುರುಳಿ ಕೊಡಿ, ಚೂರು ಬೇಡ ಅಂದ್ಲು. ಇದೇನಕ್ಕಾ, ಆಸ್ಪತ್ರೆ ಬಿಳಿ ಅಂತಿದ್ದೆ ಅಂದೆ. ಆಸ್ಪತ್ರೆಯಿಂದಲೇ ಬರ್ತಿದಾರಲ್ಲ ನಿಮ್ಮ ಭಾವ, ಅಭ್ಯಾಸ ಆಗಿರುತ್ತೆ ಅಂದ್ಲು."

ಗಿಚಲ್‌ನ ಮೂಗಿನಿಂದ ನಗುವಿನಂಥದೇನೋ ಹೊರಟು ಅಲ್ಲೇ ನಿಂತಿತು.

ಹೇವನ್ ಫೋಟೋವನ್ನು ಚಿಕ್ಕಮ್ಮನ ಕೈಗೆ ಕೊಟ್ಟಳು. ಕಪ್ಪು ಉಡುಪಿನ ಉದ್ದ ತೋಳುಗಳನ್ನು ಮೊಣಕೈವರೆಗೆ ಸುತ್ತಿದಳು. ತೂಗುಗುಂಡಿನ ದಾರ, ಬ್ರಷ್ಷು, ಅಲಗು ಎಲ್ಲ ಕಿಟಕಿಯ ಕಟ್ಟೆಯ ಮೇಲೆ ಅಮ್ಮ ಬಿಟ್ಟಲ್ಲೇ ಇದ್ದವು.

"ಅಪ್ಪ, ಹಾಳೆ ಬಿಚ್ಚಿಕೊಡು."

ಬಾನ್ ಇನ್ನೊಮ್ಮೆ ಗಡಿಯಾರ ನೋಡಿದ. ಒಂಬತ್ತೂವರೆ ಆಗುತ್ತ ಬಂದಿತ್ತು. ಏನೋ ಹೇಳಲು ಬಾಯಿ ತೆರೆದವನು, ಬಿಳಿ ಕೈಗವಸು ಕಳಚಿ ಕಿಸೆಗೆ ಹಾಕಿ, ಹಲಗೆ ಮೇಜು ಅಲ್ಲಾಡದಂತೆ ಹಿಡಿದುಕೊಂಡ.

*

ಹಿಂದಿನ ಶರತ್ಕಾಲದಲ್ಲಿ, ಹೇವನ್ ವಹಿಸಿಕೊಂಡಿದ್ದ ಒಂದು ಮನೆಗೆ ಸಂಬುನ್ ಕೆಲಸಕ್ಕೆ ಬಂದಿದ್ದಳು. ಲಕ್ವ ಹೊಡೆದಿದ್ದ ಮುದುಕನೊಬ್ಬನ ಕೋಣೆ. ಮಗಳ ನಕ್ಷೆಯನ್ನು ಮಡಿಸಿಟ್ಟು, ಮುದುಕನ ಮುಂದೆ ಕುಕ್ಕುರು ಕೂತು ಕೇಳಿದಳು: "ಅಣ್ಣಾ, ತಲೆ ಯಾವ ಕಡೆ?"

ಮುದುಕ ಕಣ್ಣಲ್ಲೇ ಕಿಟಕಿ ತೋರಿಸಿದ. ಅವಳು ಬಾಗಿಲ ಕಡೆಯಿಂದ ಹಿಡಿದು ಕಿಟಕಿಯವರೆಗೆ ಅಂಟಿಸಿದಳು.

ಸಂಜೆ ಬಂದ ಹೇವನ್ ಬಾಗಿಲಲ್ಲೇ ನಿಂತುಬಿಟ್ಟಳು. "ಅಮ್ಮ, ಇಲ್ಲಿಂದ ಗೆರೆಯೆಲ್ಲ ಕಾಣ್ತಾ ಇದೆ. ನಾಳೆ ನಮ್ಮ ಕೆಲಸದ ಫೋಟೋ ತೆಗೆಯೋಕೆ ಬರ್ತಾರೆ. ಫೋಟೋ ಬಾಗಿಲಿಂದಲೇ ತೆಗೆಯೋದು."

"ಫೋಟೋ ಒಂದು ದಿನ ತೆಗೀತಾರೆ. ಆ ಮನುಷ್ಯ ದಿನಾ ಮಲಗ್ತಾನೆ."

"ನೀನು ನನ್ನ ಕೆಲಸದವಳಾಗಿ ಬಂದಿದೀಯ ಇಲ್ಲಿಗೆ. ಅಮ್ಮನಾಗಿ ಅಲ್ಲ."

ನಾಲ್ಕು ಜನ ಕೆಲಸಗಾರರ ಎದುರಿಗೆ ಆಡಿದ ಮಾತು. ಸಂಬುನ್ ಒದ್ದೆ ಹಾಳೆಗಳನ್ನು ಒಂದೊಂದಾಗಿ ಕಿತ್ತು, ಹೊಸದಾಗಿ ಕತ್ತರಿಸಿ, ಕಿಟಕಿಯಿಂದ ಬಾಗಿಲಿಗೆ ಅಂಟಿಸಿದಳು. ಫೋಟೋ ಚೆನ್ನಾಗಿ ಬಂತು. ಆಮೇಲೆ ಅವಳು ಮಗಳ ಕೆಲಸಕ್ಕೆ ಬರಲಿಲ್ಲ. ನಿಮ್ಮಪ್ಪಂಗೆ ಮಂಡಿನೋವು, ಬಿಟ್ಟು ಬರೋಕಾಗಲ್ಲ ಅಂತ ಫೋನಿನಲ್ಲಿ ನೆಪ ಹೇಳಿದಳು. ಕ್ಷಮಿಸು ಅನ್ನಬೇಕೆಂದು ಹೇವನ್ ಎರಡು ಸಲ ಫೋನು ಮಾಡಿ, ಎರಡು ಸಲವೂ ಚಳಿಗಾಲಕ್ಕೆಂದು ಉಪ್ಪುನೀರಲ್ಲಿ ಹಾಕಿದ ಕೋಸು ಹೇಗಿದೆ ಎಂದು ಕೇಳಿ ಇಟ್ಟಿದ್ದಳು.

*

ಮೊದಲ ಹಾಳೆಯನ್ನು ತೋಳಿನ ಮೇಲೆ ಹೊತ್ತು ಹೇವನ್ ಕಿಟಕಿಯ ಮೂಲೆಗೆ ಹೋದಳು. ದೂರದ ತುದಿಯಿಂದ ಬಾಗಿಲಿಗೆ. ಅವಳ ಕೈಗೆ ಗೊತ್ತಿದ್ದದ್ದು ಅಷ್ಟೇ. ಬರೀ ಸಿಮೆಂಟಿಗೆ ಹಾಳೆಯ ಅಂಚು ತಾಗಿಸಬೇಕೆಂದು ಬಗ್ಗಿದಾಗ ಕಂಡಿತು.

ಮಂಡಿಯೆತ್ತರದಲ್ಲಿ, ಬಡಗಿಯ ದಪ್ಪ ಪೆನ್ಸಿಲ್ಲಿನಲ್ಲಿ, ಅಮ್ಮನ ಕೋಳಿ ಕೆದಕಿದಂಥ ಅಕ್ಷರ: ಇವರ ತಲೆ.

ಅದರ ಕೆಳಗೆ, ನೆಲಕ್ಕೆ ನಾಲ್ಕು ಬೆರಳು ಮೇಲೆ, ಚಿಕ್ಕದಾಗಿ: ನನ್ನ ತಲೆ.

"ಒಬ್ಬರೇ ಮಲಗೋ ಮಂಚ ಯಾಕೆ ತಗೊಂಡ್ಲು?" ಹೇವನ್ ತಿರುಗದೆಯೇ ಕೇಳಿದಳು.

"ಅವರಿಗೆ ಇನ್ನು ನೆಲದಲ್ಲಿ ಕೂತು ಏಳೋಕಾಗಲ್ಲ, ನನಗೆ ನೆಲದ ಬಿಸಿ ಇಲ್ಲದೆ ನಿದ್ದೆ ಬರಲ್ಲ ಅಂದ್ಲು" ಎಂದಳು ಒಕ್ಸುನ್. "ಮಂಚದ ಪಕ್ಕ ಕೆಳಗೇ ಹಾಸ್ಕೋತೀನಿ, ರಾತ್ರಿ ಅವರು ಇಳಿದ್ರೆ ನನ್ನ ತುಳಿದೇ ಇಳೀಬೇಕು, ಆಗ ಎಚ್ಚರ ಆಗುತ್ತೆ ಅಂತ."

ಅಂಟಿನ ಒಂದು ಹನಿ ಹೇವನ್‌ಳ ಉಡುಪಿನ ಮೇಲೆ ಬಿತ್ತು.

ಅವಳು ಹಾಳೆಯನ್ನು ಹಾಗೇ ಹೊತ್ತುಕೊಂಡು ಕೋಣೆಯ ಉದ್ದಕ್ಕೂ ನಡೆದು ಬಾಗಿಲ ಕಡೆಯ ಮೂಲೆಗೆ ಬಂದಳು.

"ಮೇಜು ಇಲ್ಲಿಗೆ ತನ್ನಿ" ಎಂದಳು ಬಾನ್‌ಗೆ.

ಮೊದಲ ಹಾಳೆ ಸೊಟ್ಟ ಹೋಯಿತು. "ದಾರ ನೋಡು, ದಾರ!" ಎಂದು ಅಪ್ಪ ಗದರಿದ. ಕಿತ್ತು ಮತ್ತೆ ಏರಿಸಿದಳು. ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಒರೆಸುವಾಗ ಗುಳ್ಳೆಗಳೆದ್ದವು. ಅವಳು ಗಾಬರಿಯಾಗಿ ಉಜ್ಜಲು ಹೋದರೆ ಅಪ್ಪ ತಡೆದ. "ಬಿಡು. ನಿಮ್ಮಮ್ಮ ಬಿಟ್ಟುಬಿಡ್ತಿದ್ಲು. ಒಣಗಿದ ಹಾಗೆ ಅವೇ ಎಳ್ಕೊಳ್ತವೆ." ಎರಡನೆಯದು ಸುಸೂತ್ರ ಕೂತಿತು. ಹೊರಗೆ ಬಸ್ಸಿನ ಚಾಲಕ ಒಮ್ಮೆ ಹಾರ್ನ್ ಒತ್ತಿದ. ಒಕ್ಸುನ್ ಕಿಟಕಿ ತೆರೆದು, "ನಿಂಗೇನು ಬೆಂಕಿ ಬಿದ್ದಿದೆಯೇನೋ?" ಎಂದು ಕೂಗಿದಳು. ಕೂಗಿದ ಮೇಲೆ ತಾನಾಡಿದ್ದು ಅರ್ಥವಾಗಿ ಬಾಯಿ ಮುಚ್ಚಿಕೊಂಡಳು.

ಉಳಿದದ್ದು ದಿಂಬಿನ ಬಳಿಯ ಹಾಳೆ. ಅದನ್ನು ಏರಿಸುವ ಮುನ್ನ ಗಿಚಲ್ ಮಂಚ ಹಿಡಿದುಕೊಂಡು ಬಗ್ಗಿದ. ಮೇಲಿನ ಅಕ್ಷರಗಳನ್ನು ಮುಟ್ಟಿದ. ಕೆಳಗಿನವು ಅವನ ಕೈಗೆ ಎಟುಕಲಿಲ್ಲ, ಮಂಡಿ ಬಗ್ಗಲಿಲ್ಲ. ಹೇವನ್ ಅವನ ಪರವಾಗಿ ಮುಟ್ಟಿದಳು.

ಆಮೇಲೆ ಹಾಳೆ ಏರಿತು. ಹೇವನ್ ಮೇಲಿನಿಂದ ಕೆಳಗೆ ಒರೆಸುತ್ತ ಬಂದು, ನೆಲದ ಅಂಚಿನಲ್ಲಿ ಉಳಿದ ಕಾಗದವನ್ನು ಅಮ್ಮನ ಅಲಗಿನಿಂದ ಕೊಯ್ದಳು. ಗಡಿಯಾರದಲ್ಲಿ ಹತ್ತಕ್ಕೆ ನಾಲ್ಕು ನಿಮಿಷವಿತ್ತು.

ಗಿಚಲ್ ಕಪ್ಪು ಸೂಟಿನಲ್ಲೇ ಹೊಸ ಮಂಚದ ಮೇಲೆ ಮಲಗಿದ. ಇನ್ನೂ ಬಿಚ್ಚದ ಪ್ಲಾಸ್ಟಿಕ್ ಅವನ ಕೆಳಗೆ ಚರಪರ ಅಂದಿತು. ತಲೆಯನ್ನು ಕಿಟಕಿಯ ಕಡೆ ಇಟ್ಟು ಗೋಡೆಯತ್ತ ಹೊರಳಿದ.

"ಗೆರೆ ಕಾಣುತ್ತಾ ಅಪ್ಪ?"

ಅವನು ತುಂಬ ಹೊತ್ತು ನೋಡಿದ. "ಎಲ್ಲಿದೆ ಗೆರೆ? ಒಂದೇ ಹಾಳೆ."

ಹೇವನ್ ಚಿಕ್ಕಮ್ಮನ ಕೈಯಿಂದ ಫೋಟೋ ತೆಗೆದುಕೊಂಡು, ಮಂಚದ ಪಕ್ಕದ ತಣ್ಣನೆಯ ನೆಲದ ಮೇಲೆ, ಗೋಡೆಗೆ ಮುಖಮಾಡಿ ಇಟ್ಟಳು. ತಾನೂ ಪಕ್ಕದಲ್ಲಿ ಮಲಗಿ ಕೆನ್ನೆಯನ್ನು ನೆಲಕ್ಕೆ ಹಚ್ಚಿದಳು. ಅಲ್ಲಿಂದಲೂ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಿಳಿ. ಕಣ್ಣೆದುರಿಗೆ, ಒದ್ದೆ ಕಾಗದದ ಹಿಂದಿನಿಂದ, ಪೆನ್ಸಿಲ್ಲಿನ ಎರಡು ಪದ ಮಸುಕಾಗಿ ಕಾಣುತ್ತಿದ್ದವು, ಒಣಗುವವರೆಗೆ.