ಮಸಿ ಬಳಿದ ಗಾಜು

ನಮ್ಮ ವಿಶ್ವವಿದ್ಯಾಲಯದ ಅತಿ ಪ್ರಸಿದ್ಧ ಫೋಟೋ ಯಾವುದು ಎಂದರೆ ಯಾರು ಬೇಕಾದರೂ ಹೇಳುತ್ತಾರೆ: ಗಡಿಯಾರದ ಗೋಪುರ. ಕ್ಯಾಲೆಂಡರಿನಲ್ಲಿ ಅದೇ, ಪದವಿ ಪತ್ರದ ಮೇಲೆ ಅದೇ, ಕ್ಯಾಂಟೀನಿನ ಗೋಡೆಯ ಮೇಲೂ ಅದೇ. ಅದರಲ್ಲಿ ಗೋಪುರ ಮಾತ್ರ ಇದೆ, ಬುಡದಲ್ಲಿ ಏನೂ ಇಲ್ಲ, ಬರೀ ಬಿಳಿ. ಕಟ್ಟಡ ನೆಲದಿಂದ ಎದ್ದದ್ದಲ್ಲ, ಆಕಾಶದಿಂದ ಇಳಿದು ಬಂದದ್ದು ಎಂಬಂತೆ. ಆ ಬಿಳಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ನನ್ನ ಅಜ್ಜಿಯ ಮನೆ ಇದ್ದದ್ದು ಅಲ್ಲೇ.

ಆ ಬೀದಿಗೆ ಗೌನು ಗಲ್ಲಿ ಎಂದು ಹೆಸರು. ಪದವಿ ತೆಗೆದುಕೊಳ್ಳುವ ದಿನ ಹುಡುಗರು ತೊಡುವ ಕಪ್ಪು ಗೌನುಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವವರು ಅಲ್ಲಿದ್ದರು. ಅಜ್ಜಿಯೂ ಅದೇ ಕೆಲಸದವಳು. ಅಪ್ಪನಿಗೆ ನಾಲ್ಕು ವರ್ಷವಿದ್ದಾಗ, ಅವನ ತಂಗಿ ಇನ್ನೂ ಹಸುಗೂಸಾಗಿದ್ದಾಗ ಅವಳು ತೀರಿಕೊಂಡಳು. ಮಕ್ಕಳಿಬ್ಬರನ್ನೂ ಬೇರೆ ಊರಿನ ಅವರ ದೊಡ್ಡಮ್ಮ ಕರೆದುಕೊಂಡು ಹೋಗಿ ಸಾಕಿದಳು. ಆಮೇಲೆ ಗಲ್ಲಿಯನ್ನು ಕೆಡವಿ ಗ್ರಂಥಾಲಯ ಕಟ್ಟಿದರು. ಅಲ್ಲಿದ್ದವರು ದಿಕ್ಕಿಗೊಬ್ಬರಾಗಿ ಚೆದುರಿಹೋದರು.

ದೊಡ್ಡಮ್ಮನ ಕೈ ದೊಡ್ಡದು, ನಾಲಿಗೆ ಅದಕ್ಕಿಂತ ದೊಡ್ಡದು. ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಆ ತಂಗಿ, ಅಂದರೆ ನನ್ನ ಸೋದರತ್ತೆ, ಹಾಲು ಚೆಲ್ಲಿದರೂ ಪಾಠ ತಪ್ಪಿದರೂ ಒಂದೇ ಮಾತು: "ಹುಟ್ಟಿದ ಕೂಡ್ಲೇ ತಾಯಿನ ತಿಂದ್ಕೊಂಡವಳು. ಒಂದು ಸಲ ನಿನ್ನ ಎತ್ಕೊಳ್ಳೋಕೂ ಬಿಡ್ಲಿಲ್ವಲ್ಲ ಅವಳನ್ನ!" ಅಲ್ಲ ಎನ್ನಲು ಯಾರಿದ್ದರು? ಅಪ್ಪನಿಗಂತೂ ಏನೂ ನೆನಪಿರಲಿಲ್ಲ. ಅತ್ತೆ ಆ ಮಾತನ್ನು ನಂಬಿಕೊಂಡೇ ಎಂಬತ್ತು ದಾಟಿದಳು.

ನನಗೆ ವಿಶ್ವವಿದ್ಯಾಲಯದ ಫೋಟೋ ಸಂಗ್ರಹದಲ್ಲಿ ಕೆಲಸ ಸಿಕ್ಕಿದಾಗ ಎಲ್ಲರೂ ಸಂಬಳ ಎಷ್ಟು ಅಂತ ಕೇಳಿದರೆ, ಅತ್ತೆ ಬೇರೆಯೇ ಕೇಳಿದಳು.

"ಅಷ್ಟೊಂದು ಹಳೇ ಫೋಟೋ ಇವೆ ಅಂತೀಯಲ್ಲ, ಒಂದರಲ್ಲಾದ್ರೂ ನಮ್ಮಮ್ಮ ಇರ್ತಾಳೇನೇ? ಮುಖ ನೋಡಿ ಒಂದು ಮಾತು ಹೇಳ್ಬೇಕಿತ್ತು."

"ಏನು ಹೇಳ್ತೀಯ?"

"ತಪ್ಪಾಯ್ತು ಅಂತ."

ನಗಿಸುವುದೇ ಕಸುಬಾಗಿದ್ದ ಹೆಂಗಸು ಅವಳು. ನಮ್ಮನ್ನೆಲ್ಲ ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವಳು. ಅವಳ ಬಾಯಿಂದ ಬಂದದ್ದು ಈ ಮಾತು. ಅವತ್ತಿನಿಂದ ನಾನು ಹುಡುಕತೊಡಗಿದೆ.

ಫೋಟೋಗಳಿಗೇನು ಕೊರತೆಯಿಲ್ಲ. ಕುಲಪತಿಗಳು ಕೂತದ್ದು, ಕುಲಪತಿಗಳು ನಿಂತದ್ದು, ಕುಲಪತಿಗಳು ಗಿಡಕ್ಕೆ ನೀರು ಹಾಕಿದ್ದು. ಗೌನು ತೊಟ್ಟವರು ಸಾವಿರಾರು ಜನ. ಅದನ್ನು ಒಗೆದವರು ಒಬ್ಬರೂ ಇಲ್ಲ. ಕೊನೆಗೆ ಹಿಂದಿನ ಬೀರುವಿನಲ್ಲಿ ಗೋಪುರದ ಆ ಫೋಟೋದ ಮೂಲ ಗಾಜು ಸಿಕ್ಕಿತು. ಆಗಿನ ಕಾಲದಲ್ಲಿ ಚಿತ್ರ ಮೂಡುತ್ತಿದ್ದದ್ದು ಗಾಜಿನ ಹಲಗೆಯ ಮೇಲೆ. ಒಂದು ಮುಖಕ್ಕೆ ಬೆಳ್ಳಿಯ ತೆಳುವಾದ ಪದರ, ಅದರಲ್ಲಿ ಕಪ್ಪು ಬಿಳುಪು ಅದಲುಬದಲಾದ ಚಿತ್ರ. ತಿರುಗಿಸಿ ನೋಡಿದೆ. ಗಾಜಿನ ಬೆನ್ನಿಗೆ, ಗೋಪುರದ ಬುಡದಿಂದ ಕೆಳಗಿನ ಭಾಗಕ್ಕೆಲ್ಲ, ದಪ್ಪಗೆ ಕಪ್ಪು ಬಣ್ಣ ಬಳಿದಿತ್ತು. ಬೆಳಕು ದಾಟದ ಹಾಗೆ ಗಾಜಿಗೆ ಬಣ್ಣ ಬಳಿದರೆ ಕಾಗದದ ಮೇಲೆ ಅಷ್ಟು ಜಾಗ ಬೆಳ್ಳಗೆ ಉಳಿಯುತ್ತದೆ. ಕಟ್ಟಡ ಅಂದವಾಗಿ ಕಾಣಲಿ ಎಂದು ಅಂದಿನ ಫೋಟೋದವರು ಹೀಗೆ ಮಾಡುತ್ತಿದ್ದರು. ಅಂದರೆ ಗಲ್ಲಿ ಚಿತ್ರದಲ್ಲಿತ್ತು! ಈ ಫೋಟೋದವನು ಇಡೀ ಗಲ್ಲಿಗೆ ಮಸಿ ಬಳಿದಿದ್ದ.

ಅತ್ತೆಗೆ ಹೇಳದಿರಲು ನನ್ನಿಂದ ಆಗಲಿಲ್ಲ. ಮರುದಿನ ಮಧ್ಯಾಹ್ನ ಕೋಲೂರಿಕೊಂಡು ಬಂದೇಬಿಟ್ಟಳು.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ಮೆಲ್ಲಗೆ ಸರ್ ಎನ್ನುತ್ತೇವೆ. ಬಾಗಿಲು ತೆಗೆದರೂ "ಮೆಲ್ಲಗೆ", ಕುರ್ಚಿ ಎಳೆದರೂ "ಮೆಲ್ಲಗೆ". ಅತ್ತೆಗೆ ತಾವೇ ಕುರ್ಚಿ ತಂದು ಹಾಕಿದರು, ಮೆಲ್ಲಗೆ. ಕಿಟಕಿಯ ಎದುರಿಗೆ ನಮ್ಮ ಬೆಳಕಿನ ಮೇಜು ಇದೆ. ಹಾಲುಗಾಜಿನ ಮೇಲ್ಮೈ, ಅದರ ಕೆಳಗೆ ದೀಪ. ಗಾಜನ್ನು ಪದರದ ಮುಖ ಮೇಲೆ ಬರುವಂತೆ ಅದರ ಮೇಲಿಟ್ಟು ದೀಪ ಹಾಕಿದೆ. ಗೋಪುರ ಹೊಳೆಯಿತು. ಕೆಳಗೆ ಕಗ್ಗತ್ತಲೆ.

"ಸರ್, ಬೆನ್ನಿನ ಬಣ್ಣ ನೀರಿಗೆ ಕರಗೋ ಥರದ್ದು. ಒದ್ದೆ ಹತ್ತಿಯಲ್ಲಿ ಸ್ವಲ್ಪ ಒರೆಸ್ಲಾ?" ಎಂದೆ.

"ಬೇಡಮ್ಮ. ಅಂಚು ನೋಡು, ಪದರ ಆಗಲೇ ಏಳ್ತಾ ಇದೆ. ಒಂದು ಹನಿ ನೀರು ಆ ಕಡೆಗೆ ಇಳಿದ್ರೆ ಚಿತ್ರಾನೇ ಕಿತ್ತು ಬರತ್ತೆ. ಆಮೇಲೆ ಗೋಪುರಾನೂ ಇಲ್ಲ, ಗಲ್ಲೀನೂ ಇಲ್ಲ."

ಅವರು ಹೇಳಿದ್ದು ಸರಿ. ಸರಿಯಾದ ಮಾತು ಕೇಳಿದಾಗಲೇ ನನಗೆ ಹೆಚ್ಚು ಸಿಟ್ಟು ಬರುವುದು. ಇಷ್ಟು ದೂರ ಬಂದ ಮುದುಕಿಗೆ ತೋರಿಸಲು ನನ್ನ ಹತ್ತಿರ ಇದ್ದದ್ದು ಆ ಕತ್ತಲೆ ಒಂದೇ. "ಹಾಳಾದವನು! ಅವನ ಕೈ ಸೇದಿ ಹೋಗ" ಎಂದು ಸತ್ತವನನ್ನು ಶಪಿಸುತ್ತಾ ಮೇಜಿನ ದೀಪವನ್ನು ಪಟ್ಟೆಂದು ಆರಿಸಿದೆ.

ಕೋಣೆಯಲ್ಲಿ ಉಳಿದದ್ದು ಕಿಟಕಿಯಿಂದ ಓರೆಯಾಗಿ ಬೀಳುತ್ತಿದ್ದ ಇಳಿಹೊತ್ತಿನ ಬಿಸಿಲು ಮಾತ್ರ. ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಗಲ್ಲ ಹೆಚ್ಚುಕಡಿಮೆ ಮೇಜಿನ ಅಂಚಿನ ಮಟ್ಟಕ್ಕಿತ್ತು.

"ಇಲ್ಲಿ ಯಾರೋ ಇದಾರೆ ಕಣೇ," ಎಂದಳು.

"ನಿನ್ನ ಮುಖಾನೇ ಕಾಣ್ತಿರತ್ತೆ ಅತ್ತೆ. ಗಾಜಲ್ವಾ?"

"ಇವನು ಗಡ್ಡ ಬೋಳಿಸ್ಕೊಳ್ತಾ ಕೂತಿದಾನೆ. ನಂಗೆಲ್ಲಿದೆಯೇ ಗಡ್ಡ?"

ನಾನು ಅವಳ ಪಕ್ಕ ಮಂಡಿಯೂರಿ ಕಣ್ಣನ್ನು ಅವಳ ಕಣ್ಣಿನ ಮಟ್ಟಕ್ಕೆ ತಂದೆ.

ಕತ್ತಲೆಯಿದ್ದ ಜಾಗದಲ್ಲಿ ಒಂದು ಬೀದಿ ಇತ್ತು. ಬೆಳ್ಳಗೆ ಗೋಡೆಗಳು, ಬಾಗಿಲುಗಳು, ಬಾಗಿಲಿಗೊಂದು ಸಂಸಾರ. ಅರ್ಧ ಗಲ್ಲಕ್ಕೆ ನೊರೆ ಹಚ್ಚಿಕೊಂಡು ಕೂತವನೊಬ್ಬ, ಕತ್ತಿಯನ್ನು ಗಾಳಿಯಲ್ಲೇ ಹಿಡಿದು ನಿಂತ ಕ್ಷೌರಿಕ. ಏಣಿಯ ಮೇಲೊಬ್ಬ. ಅಲ್ಲಾಡಿ ಮಂಜಾಗಿ ಹೋದ ನಾಯಿಯೊಂದು. ಈ ಗೋಡೆಯಿಂದ ಆ ಗೋಡೆಗೆ ಹಗ್ಗಗಳು, ಹಗ್ಗದ ತುಂಬ ತೋಳು ಚಾಚಿ ತೂಗುತ್ತಿದ್ದ ಕಪ್ಪು ಗೌನುಗಳು. ಫೋಟೋದವನು "ಅಲ್ಲಾಡಬೇಡಿ" ಎಂದಿರಬೇಕು. ಅವನ ಮಾತಿಗೆ ಬೆಲೆ ಕೊಟ್ಟು ಇಡೀ ಗಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು, ಇಂದಿನವರೆಗೂ ನಿಂತೇ ಇತ್ತು. ನಾನು ತಲೆ ಎತ್ತಿದರೆ ಎಲ್ಲವೂ ಮಾಯ, ತಗ್ಗಿಸಿದರೆ ಮತ್ತೆ ಎಲ್ಲರೂ ಹಾಜರು.

ಮೆಲ್ಲಗೆ ಸರ್ ಕೂಡ ನಮ್ಮ ಪಕ್ಕ ನೆಲಕ್ಕೆ ಮಂಡಿಯೂರಿದರು. ಅವರ ಕುರ್ಚಿ ದಡಾರನೆ ಬಿದ್ದರೂ ಅವರಿಗೆ ಅದರ ಪರಿವೆ ಇರಲಿಲ್ಲ.

"ವಯಸ್ಸಾದ ಹಾಗೆ ಪದರದೊಳಗಿನ ಬೆಳ್ಳಿ ಮೇಲಕ್ಕೆ ಬಂದು ಹೊಳೆಯತ್ತೆ. ಹಿಂದೆ ಕಪ್ಪು ಇದ್ರೆ ಅದು ಕನ್ನಡಿ ಥರ ಬೆಳ್ಳಗೆ ಎದ್ದು ಕಾಣತ್ತೆ, ಅದಲುಬದಲಾದ ಚಿತ್ರ ಸರಿಯಾಗತ್ತೆ," ಎಂದು ಪಿಸುಗುಟ್ಟಿದರು. "ಅವನು ಮಸಿ ಬಳೀದೇ ಇದ್ದಿದ್ರೆ ಇದು ಕಾಣ್ತಿರ್ಲಿಲ್ಲ!"

ನಮ್ಮ ಕಸುಬಿನವರು ಗಾಜು ಕೈಗೆ ಬಂದ ತಕ್ಷಣ ಕೆಳಗೆ ದೀಪ ಹಾಕುತ್ತೇವೆ. ಅದೇ ಸರಿಯಾದ ಕ್ರಮ ಎಂದು ಕಲಿತಿದ್ದೇವೆ. ಹಾಗೆ ದೀಪ ಹಾಕಿ ಹಾಕಿಯೇ ಇಷ್ಟು ವರ್ಷ ಇವರನ್ನೆಲ್ಲ ಕತ್ತಲಲ್ಲಿ ಇಟ್ಟಿದ್ದೆವು.

"ನಮ್ಮನೆ ಯಾವುದೇ?" ಎಂದಳು ಅತ್ತೆ.

ನಾನು ಬಾಗಿಲಿಂದ ಬಾಗಿಲಿಗೆ ಕಣ್ಣು ಹಾಯಿಸಿದೆ. ನೀರಿನ ತೊಟ್ಟಿಯ ಪಕ್ಕದ ಬಾಗಿಲಲ್ಲಿ ಒಬ್ಬ ಪುಟ್ಟ ಹುಡುಗ ನಿಂತಿದ್ದ. ಮೊರದಗಲ ಕಿವಿ! ಆ ಕಿವಿಗಳು ಅಪ್ಪನವು, ನನ್ನವು, ಶಾಲೆಯಲ್ಲಿ ಎಲ್ಲರೂ ಹಿಡಿದು ಎಳೆಯುತ್ತಿದ್ದ ನನ್ನ ಮಗನವು. ಇಡೀ ಊರಲ್ಲಿ ಅಂಥ ಕಿವಿ ಇನ್ನೊಬ್ಬರಿಗೆ ಇರಲು ಸಾಧ್ಯವೇ ಇಲ್ಲ.

"ಅತ್ತೆ, ಇಲ್ಲಿ. ಅಪ್ಪ."

ಹುಡುಗ ತನ್ನ ಪಕ್ಕದಲ್ಲಿದ್ದ ಹೆಂಗಸಿನ ಬಟ್ಟೆಯ ಅಂಚು ಹಿಡಿದಿದ್ದ. ತೆಳ್ಳಗಿನ ಹೆಂಗಸು, ಮೊಣಕೈವರೆಗೂ ರವಿಕೆಯ ತೋಳು ಮಡಚಿದ್ದಾಳೆ, ನಗು ತಡೆದುಕೊಳ್ಳಲು ತುಟಿ ಬಿಗಿದಿದ್ದಾಳೆ, ಆದರೂ ತಡೆಯಲಾಗಿಲ್ಲ. ಅವಳ ಹೆಗಲಿಗೆ ಒರಗಿ ಒಂದು ಮಗು.

ಅತ್ತೆ ಕೋಲು ಬಿಟ್ಟು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಬಹಳ ಹೊತ್ತು ನೋಡಿದಳು. ಬಿಸಿಲು ಸರಿದ ಹಾಗೆಲ್ಲ ಅವಳೂ ತಲೆಯನ್ನು ಚೂರುಚೂರೇ ಸರಿಸುತ್ತಿದ್ದಳು.

"ಮಗು ನೋಡೇ," ಎಂದಳು ಕೊನೆಗೆ.

"ನೋಡಿದೆ ಅತ್ತೆ. ನೀನೇ ಅದು. ಬೇರೆ ಯಾರಿರ್ತಾರೆ?"

"ಅದಲ್ಲ ಕಣೇ, ತಲೆ ನೋಡು. ಅವಳು ಕೈ ಆನಿಸಿಲ್ಲ ತಲೆಗೆ. ತಾನಾಗೇ ಎತ್ತಿ ಈ ಕಡೆ ತಿರುಗಿ ನೋಡ್ತಿದೆ."

ನೋಡಿದೆ. ಮಗು ಬೀಸಿದ ಕೈ ಮಸುಕಾಗಿತ್ತು. ತಲೆ ಮಾತ್ರ ಸ್ಪಷ್ಟವಾಗಿತ್ತು, ಒಂದಿಷ್ಟೂ ಅಲುಗಿರಲಿಲ್ಲ.

"ಕತ್ತು ನಿಂತಿದೆ," ಎಂದಳು ಅತ್ತೆ. ನಮ್ಮ ಮನೆಯ ಎಲ್ಲ ಮಕ್ಕಳ ಕತ್ತು ಯಾವಾಗ ನಿಂತಿತು ಎಂದು ನೋಡಿದವಳು ಅವಳೇ. "ನಾಲ್ಕು ತಿಂಗಳಾದ್ರೂ ಆಗಿದೆ ನಂಗೆ. ನಾಲ್ಕು ತಿಂಗಳು ಎತ್ಕೊಂಡಿದಾಳೆ ಕಣೇ ಅವಳು ನನ್ನ."